ಹನ್ನೆರಡು ಮೈಲಿಯ ಗೆರೆ: ಕ್ರೂಸ್ ಹಡಗಿನ ಈಜುಕೊಳಕ್ಕೆ ಸಮುದ್ರದ ನೀರೋ, ಸಿಹಿನೀರೋ ಎಂಬ ಒಂದು ಪ್ರಕರಣದ ಅಧ್ಯಯನ

ಪ್ರಕರಣ

ಸುಮಾರು 90,000 ಒಟ್ಟು ಟನ್ನೇಜಿನ (ಇದು ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ), 2,000 ಪ್ರಯಾಣಿಕರು ಮತ್ತು 900 ಸಿಬ್ಬಂದಿಯನ್ನು ಹೊತ್ತು ಸಾಗುವ ಒಂದು ಕ್ರೂಸ್ ಹಡಗು ದುರಸ್ತಿಗಾಗಿ ಡ್ರೈ ಡಾಕ್, ಅಂದರೆ ನೀರು ಬಸಿದು ಹಡಗನ್ನು ಒಣನೆಲದಲ್ಲಿ ನಿಲ್ಲಿಸುವ ಕಟ್ಟೆ, ಸೇರಲಿದೆ. ಅದರ ಮೇಲಿನ ಡೆಕ್ಕಿನಲ್ಲಿ ಎರಡು ಈಜುಕೊಳಗಳೂ ನಾಲ್ಕು ಬಿಸಿನೀರಿನ ತೊಟ್ಟಿಗಳೂ ಇವೆ. ಮಧ್ಯದ ಕೊಳ 10 ಮೀಟರ್ ಉದ್ದ, 6 ಮೀಟರ್ ಅಗಲ, 1.5 ಮೀಟರ್ ಆಳವಿದ್ದು 90 ಘನಮೀಟರ್ ನೀರು ಹಿಡಿಯುತ್ತದೆ. ಅದರ ಮೇಲೆ ಮಳೆಗಾಳಿ ಬಂದಾಗ ಮುಚ್ಚಿಕೊಳ್ಳುವ ಗಾಜಿನ ಸರಿಯುವ ಚಾವಣಿಯಿದೆ. ಹಿಂಭಾಗದ ತೆರೆದ ಕೊಳ ಚಿಕ್ಕದು, 42 ಘನಮೀಟರ್. ಇವೆಲ್ಲಕ್ಕೂ ಹಡಗು ಕಟ್ಟಿದಂದಿನಿಂದ ಸಮುದ್ರದ ನೀರನ್ನೇ ತುಂಬಿಸಲಾಗುತ್ತಿದೆ. ಆಗ ಹಡಗು ದಿನಗಟ್ಟಲೆ ದಡ ಕಾಣದ ದೀರ್ಘ ಯಾನಗಳಲ್ಲಿರುತ್ತಿತ್ತು. ಈಗ ಅದರ ವೇಳಾಪಟ್ಟಿ ಏಳು ದಿನಗಳಲ್ಲಿ ಐದು ಬಂದರುಗಳಿಗೆ ಬದಲಾಗಿದೆ. ಕೊಳಗಳನ್ನು ಸಿಹಿನೀರಿಗೆ ಬದಲಾಯಿಸಬೇಕೇ ಎಂಬುದು ಡ್ರೈ ಡಾಕ್ ಯೋಜನೆ ಮಾಡುವವರ ಮುಂದಿರುವ ಪ್ರಶ್ನೆ.

ಇದು ಯಾವುದೇ ನಿರ್ದಿಷ್ಟ ಕಂಪನಿಯ ಹಡಗಿನ ವರದಿಯಲ್ಲ. ಲೆಕ್ಕಗಳಿಗೆ ನೆಲೆಯೊದಗಿಸಲು ನಾನು ಕಟ್ಟಿಕೊಂಡ ಮಾದರಿ ಹಡಗು ಇದು; ಅಳತೆ ಮತ್ತು ವೇಳಾಪಟ್ಟಿಗಳು ಮಾದರಿಯವು, ನಿಯಮಗಳು ಮತ್ತು ರಸಾಯನಶಾಸ್ತ್ರ ವಾಸ್ತವದವು. ಮೊದಲೇ ಇನ್ನೊಂದು ಗೊಂದಲವನ್ನೂ ಬದಿಗಿಡಬೇಕು. ಮನೆ, ಹೋಟೆಲುಗಳ ಕೊಳಗಳಲ್ಲಿ ಲೀಟರಿಗೆ ಮೂರರಿಂದ ಐದು ಗ್ರಾಂ ಉಪ್ಪು ಕರಗಿಸಿ, ಅದರಿಂದಲೇ ವಿದ್ಯುತ್ತಿನ ಮೂಲಕ ಕ್ಲೋರಿನ್ ಉತ್ಪಾದಿಸುವ ಏರ್ಪಾಡು ಇಲ್ಲಿನ ವಿಷಯವಲ್ಲ. ಅದು ಉಪ್ಪು ಬೆರೆಸಿದ ಸಿಹಿನೀರಿನ ಕೊಳವಷ್ಟೆ. ಸಾಗರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ, ಮತ್ತು ಆ ಲವಣದಲ್ಲಿ ಅಡುಗೆಯ ಉಪ್ಪಲ್ಲದೆ ಬೇರೆ ಅನೇಕ ಪದಾರ್ಥಗಳಿರುತ್ತವೆ. ಈ ಪ್ರಕರಣದ ಅರ್ಧ ತೊಡಕು ಹುಟ್ಟುವುದು ಆ ಬೇರೆ ಪದಾರ್ಥಗಳಿಂದಲೇ.

ಹಡಗಿನ ಕೊಳಕ್ಕೆ ಸಮುದ್ರದ ನೀರು ಬಂದದ್ದು ಆಯ್ಕೆಯಿಂದಲ್ಲ, ಅನಿವಾರ್ಯದಿಂದ. 1911ರ ಒಲಿಂಪಿಕ್ ಮತ್ತು ಅದೇ ವರ್ಗದ 1912ರ ಟೈಟಾನಿಕ್ ಹಡಗುಗಳ ಒಳಾಂಗಣ ಕೊಳಗಳಲ್ಲಿ ಇದ್ದದ್ದು ಬೆಚ್ಚಗೆ ಮಾಡಿದ ಸಮುದ್ರದ ನೀರು. ಕುಡಿಯುವ ನೀರನ್ನು ಟ್ಯಾಂಕುಗಳಲ್ಲಿ ಹೊತ್ತೊಯ್ಯಬೇಕಿದ್ದ ಕಾಲದಲ್ಲಿ ಈಜಿಗೆಂದು ತೊಂಬತ್ತು ಟನ್ ಸಿಹಿನೀರು ಕೊಡುವ ಮಾತೇ ಇರಲಿಲ್ಲ. ಇಂದಿನ ಹಡಗು ತನಗೆ ಬೇಕಾದ ನೀರಿನ ಬಹುಪಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹೀಗಾಗಿ ಹಳೆಯ ಕಾರಣ ಈಗ ಅಷ್ಟಾಗಿ ಉಳಿದಿಲ್ಲ. ಹಳೆಯ ಕೊಳವೆಗಳು ಮಾತ್ರ ಉಳಿದುಕೊಂಡಿವೆ.

ಹನ್ನೆರಡು ಮೈಲಿಯ ನಿಯಮ

ಸಮುದ್ರದ ನೀರಿನ ಕೊಳ ಎರಡು ರೀತಿಯಲ್ಲಿ ನಡೆಯಬಲ್ಲದು. ಮೊದಲನೆಯದರಲ್ಲಿ ಪಂಪು ಸಮುದ್ರದಿಂದ ನೀರನ್ನೆತ್ತಿ ಕೊಳಕ್ಕೆ ಹರಿಸುತ್ತಲೇ ಇರುತ್ತದೆ, ಅಷ್ಟೇ ನೀರು ಅಂಚಿನಿಂದ ತುಳುಕಿ ಮತ್ತೆ ಸಮುದ್ರ ಸೇರುತ್ತದೆ. ಎರಡನೆಯದರಲ್ಲಿ ಹೊರಗಿನ ನೀರನ್ನು ಮುಚ್ಚಿ, ಇದ್ದ ನೀರನ್ನೇ ಫಿಲ್ಟರಿನ ಮೂಲಕ ಸುತ್ತಿಸಿ, ರೋಗಾಣುನಾಶಕ ಬೆರೆಸಿ ಬಳಸಲಾಗುತ್ತದೆ. ಮೊದಲ ರೀತಿಯಲ್ಲಿ ಕೊಳದ ಶುಚಿತ್ವಕ್ಕೆ ಹೊಣೆ ಸಮುದ್ರ, ಎರಡನೆಯದರಲ್ಲಿ ಸಿಬ್ಬಂದಿ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 1975ರಿಂದ ನಡೆಸುತ್ತಿರುವ ವೆಸೆಲ್ ಸ್ಯಾನಿಟೇಷನ್ ಪ್ರೋಗ್ರಾಂ, ವಿದೇಶಿ ಬಂದರುಗಳನ್ನು ಒಳಗೊಂಡ ಯಾನದಲ್ಲಿ ಅಮೆರಿಕದ ಬಂದರುಗಳಿಗೆ ಬರುವ, 13 ಅಥವಾ ಅದಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗುಗಳನ್ನು ಪರಿಶೀಲಿಸುತ್ತದೆ. ಅದರ 2018ರ ಕಾರ್ಯಾಚರಣೆ ಕೈಪಿಡಿಯ ಪ್ರಕಾರ, ಹರಿಯುವ ಸಮುದ್ರದ ನೀರನ್ನು ಕೊಳಕ್ಕೆ ಬಿಡಬಹುದಾದದ್ದು ಹಡಗು ಚಲಿಸುತ್ತಿದ್ದು, ದಡದಿಂದ 12 ನಾಟಿಕಲ್ ಮೈಲಿಗಳಾಚೆ ಇರುವಾಗ ಮಾತ್ರ. ಬಂದರಿಗೆ ಬರುವ ದಾರಿಯಲ್ಲಿ ಆ ಗೆರೆ ದಾಟುವ ಮುನ್ನವೇ ನೀರಿನ ಬಾಯಿ ಮುಚ್ಚಬೇಕು. ಆನಂತರ ಕೊಳವನ್ನು ಶೋಧಿಸಿದ, ಕ್ಲೋರಿನ್ ಅಥವಾ ಬ್ರೋಮಿನ್ ಸೇರಿಸಿದ ಸುತ್ತುನೀರಿನಲ್ಲಿ ನಡೆಸಬೇಕು, ಇಲ್ಲವೇ ಖಾಲಿ ಮಾಡಬೇಕು. ಇದಕ್ಕೆ ಸಕಾರಣವಿದೆ. ಚರಂಡಿ ನೀರು, ಎಣ್ಣೆ, ನದಿಗಳು ಹೊತ್ತುತಂದ ಮಾಲಿನ್ಯ ಎಲ್ಲವೂ ದಡದ ಬಳಿಯೇ ದಟ್ಟವಾಗಿರುತ್ತವೆ. ಗಾಯದ ಮೂಲಕ ದೇಹ ಸೇರಿ ತೀವ್ರ ಸೋಂಕು ತರಬಲ್ಲ ವಿಬ್ರಿಯೊ ವಲ್ನಿಫಿಕಸ್ ಬ್ಯಾಕ್ಟೀರಿಯಾ ಬಯಸುವುದೂ ನದಿಮುಖಗಳ ಬೆಚ್ಚನೆಯ, ಅರೆ ಉಪ್ಪಿನ ನೀರನ್ನು. ತೆರೆದ ಸಾಗರದ ಪೂರ್ಣ ಉಪ್ಪು ಅದಕ್ಕೆ ಒಗ್ಗುವುದಿಲ್ಲ.

ಈಗ ನಮ್ಮ ಹಡಗಿನ ದಿನಚರಿಯನ್ನು ಈ ಗೆರೆಯ ಪಕ್ಕದಲ್ಲಿಟ್ಟು ನೋಡೋಣ. ಗಂಟೆಗೆ 18 ನಾಟಿಕಲ್ ಮೈಲಿ ವೇಗದಲ್ಲಿ 12 ಮೈಲಿ ಸಾಗಲು 40 ನಿಮಿಷ ಸಾಕು, ಆದರೆ ಬಂದರಿನೊಳಗೆ ದಾರಿ ತೋರುವ ಪೈಲಟನ್ನು ಹತ್ತಿಸಿಕೊಳ್ಳಲು ವೇಗ ತಗ್ಗಿಸಬೇಕಾಗುವುದರಿಂದ ವಾಸ್ತವದಲ್ಲಿ ಒಂದು ಗಂಟೆಗೂ ಮಿಕ್ಕಿ ಬೇಕು. ಬೆಳಿಗ್ಗೆ ಏಳೂವರೆಗೆ ಬಂದರು ಸೇರುವ ಹಡಗು ಆರು ಗಂಟೆಗೆಲ್ಲ ಗೆರೆಯ ಒಳಗಿರುತ್ತದೆ. ಸಂಜೆ ಆರಕ್ಕೆ ಹೊರಟರೆ ಏಳರ ಹೊತ್ತಿಗೆ ಗೆರೆ ದಾಟುತ್ತದೆ. ಕೊಳ ತೆರೆದಿರುವುದು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಅಂದರೆ ಬಂದರಿನ ದಿನ, ಹನ್ನೆರಡು ಗಂಟೆಗಳ ಬಳಕೆಯ ಅವಧಿಯಲ್ಲಿ ಹರಿಯುವ ಸಮುದ್ರದ ನೀರು ದೊರಕುವುದು ಒಂದೇ ಗಂಟೆ. ಐದು ಬಂದರಿನ ದಿನಗಳಿಗೆ ಐದು ಗಂಟೆ, ಎರಡು ಸಮುದ್ರದ ದಿನಗಳಿಗೆ ಇಪ್ಪತ್ತನಾಲ್ಕು. ವಾರದ 84 ಗಂಟೆಗಳಲ್ಲಿ ಒಟ್ಟು 29. ಮೂರನೆಯ ಒಂದು ಭಾಗ ಎನ್ನಬಹುದು. ಉಳಿದಂತೆ ಶುದ್ಧ ಸಾಗರದ ನೀರು ಹೇರಳವಾಗಿ ಸಿಗುವುದು ರಾತ್ರಿಯಲ್ಲಿ, ಕೊಳಕ್ಕೆ ಬಲೆ ಹೊದಿಸಿದ ಮೇಲೆ.

ದ್ವೀಪಗಳ ನಡುವೆ, ಫಿಯೋರ್ಡುಗಳ (ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಕೊಲ್ಲಿಗಳ) ಒಳಗೆ ಅಥವಾ ಅಲಾಸ್ಕದ ಇನ್‌ಸೈಡ್ ಪ್ಯಾಸೇಜಿನಂಥ ಇಕ್ಕಟ್ಟಾದ ಜಲಮಾರ್ಗಗಳಲ್ಲಿ ರಾತ್ರಿಯೂ ಈ ಸೌಲಭ್ಯವಿರದು. ಹಡಗು ಚಲಿಸುತ್ತಲೇ ಇದ್ದರೂ ದಿನಗಟ್ಟಲೆ ಗೆರೆಯ ಒಳಗೇ ಇರುತ್ತದೆ.

ಹರಿವಿನ ವ್ಯವಸ್ಥೆಯ ಬಗ್ಗೆ ಇರುವ ಇನ್ನೊಂದು ಭರವಸೆಯನ್ನೂ ಪರೀಕ್ಷಿಸಬೇಕು. ಮಧ್ಯದ ಕೊಳಕ್ಕೆ ಗಂಟೆಗೆ 30 ಘನಮೀಟರ್ ನೀರು ಬರುತ್ತದೆ. ಮೂರು ಗಂಟೆಯಲ್ಲಿ 90 ಘನಮೀಟರ್ ಬಂದು ಕೊಳದ ನೀರೆಲ್ಲ ಬದಲಾಯಿತೆಂದು ತಿಳಿಯುವವರಿದ್ದಾರೆ. ಹೊಸ ನೀರು ಹಳೆಯದರೊಂದಿಗೆ ಬೆರೆತೇ ಹೊರಹೋಗುವುದರಿಂದ ಮೂರು ಗಂಟೆಗಳ ನಂತರವೂ ಹಳೆಯ ನೀರಿನ ಶೇ. 37ರಷ್ಟು ಕೊಳದಲ್ಲೇ ಉಳಿದಿರುತ್ತದೆ. ಅದು ಶೇ. 5ಕ್ಕೆ ಇಳಿಯಲು ಒಂಬತ್ತು ಗಂಟೆ ಬೇಕು. ಬೆವರು, ಸನ್‌ಸ್ಕ್ರೀನ್ ಎಣ್ಣೆಗಳ ಮಟ್ಟಿಗೆ ಇದು ಸಾಕಾಗಬಹುದು. ಮಗುವೊಂದು ನೀರಿನಲ್ಲಿ ಮಲವಿಸರ್ಜನೆ ಮಾಡಿದರೆ ಹರಿವನ್ನು ನೆಚ್ಚಿಕೊಳ್ಳುವಂತಿಲ್ಲ, ಕೊಳವನ್ನು ಮುಚ್ಚಿ ಬರಿದು ಮಾಡಿ ತೊಳೆಯಲೇಬೇಕು.

ಕ್ಲೋರಿನ್ ಹಾಕಿದರೂ ಬ್ರೋಮಿನ್ ಆಗುವ ನೀರು

ಬಂದರಿನ ದಿನ ಕೊಳವನ್ನು ಸುತ್ತುನೀರಿನಲ್ಲಿ ನಡೆಸುವಾಗ ಸಿಬ್ಬಂದಿ ಹಾಕುವುದು ಸೋಡಿಯಂ ಹೈಪೊಕ್ಲೋರೈಟ್, ಅಂದರೆ ದ್ರವರೂಪದ ಕ್ಲೋರಿನ್. ಆದರೆ ಸಾಗರದ ನೀರಿನಲ್ಲಿ ಲೀಟರಿಗೆ ಸುಮಾರು 65ರಿಂದ 67 ಮಿಲಿಗ್ರಾಂ ಬ್ರೋಮೈಡ್ ಇದೆ. ಕ್ಲೋರಿನ್ ನೀರು ಸೇರಿದ ಕೆಲವೇ ಕ್ಷಣಗಳಲ್ಲಿ ಈ ಬ್ರೋಮೈಡನ್ನು ಉತ್ಕರ್ಷಿಸಿ, ಬ್ರೋಮಿನ್ನಿನ ರೋಗಾಣುನಾಶಕ ರೂಪವಾದ ಹೈಪೊಬ್ರೋಮಸ್ ಆಮ್ಲವಾಗಿಸುತ್ತದೆ, ತಾನು ನಿರುಪದ್ರವಿ ಕ್ಲೋರೈಡ್ ಆಗಿ ಉಳಿಯುತ್ತದೆ. ಲೆಕ್ಕ ಹಾಕಿದರೆ, ಐದು ಮಿಲಿಗ್ರಾಂ ಕ್ಲೋರಿನ್ನಿಗೆ ಬೇಕಾಗುವ ಬ್ರೋಮೈಡ್ ಆರು ಮಿಲಿಗ್ರಾಮಿಗೂ ಕಡಿಮೆ. ಉಪ್ಪು ಅತಿ ಕಡಿಮೆಯಿರುವ ಬಾಲ್ಟಿಕ್ ಸಮುದ್ರದ ನೀರಿನಲ್ಲೂ, ಲೀಟರಿಗೆ ಏಳು ಗ್ರಾಂ ಉಪ್ಪಿರುವ ಕಡೆ, ಅದರ ಇಮ್ಮಡಿ ಇರುತ್ತದೆ. ಹೀಗಾಗಿ ಸಮುದ್ರದ ನೀರಿನ ಕೊಳ ಎಂದರೆ, ಡಬ್ಬಿಯ ಮೇಲೆ ಏನೇ ಬರೆದಿರಲಿ, ಬ್ರೋಮಿನ್ ಕೊಳವೇ.

ಇದರಿಂದ ಲಾಭವೂ ಇದೆ, ಅದನ್ನು ಮರೆಯಬಾರದು. ಸಮುದ್ರದ ನೀರಿನ ಸಹಜ ಪಿಎಚ್ (ಆಮ್ಲ-ಕ್ಷಾರಗಳ ಅಳತೆ) ಸುಮಾರು 8.1. ಪಿಎಚ್ 8ರ ಸಿಹಿನೀರಿನಲ್ಲಿ ಕ್ಲೋರಿನ್ನಿನ ಕಾಲುಭಾಗ ಮಾತ್ರ ರೋಗಾಣುಗಳನ್ನು ಚುರುಕಾಗಿ ಕೊಲ್ಲುವ ಹೈಪೊಕ್ಲೋರಸ್ ಆಮ್ಲದ ರೂಪದಲ್ಲಿರುತ್ತದೆ. ಅದೇ ಪಿಎಚ್‌ನಲ್ಲಿ ಬ್ರೋಮಿನ್ನಿನ ಶೇ. 80ಕ್ಕೂ ಹೆಚ್ಚು ಪಾಲು ಚುರುಕಾದ ರೂಪದಲ್ಲೇ ಉಳಿಯುತ್ತದೆ. ಬೆವರು ಮತ್ತು ಮೂತ್ರದಲ್ಲಿನ ಅಮೋನಿಯಾದೊಂದಿಗೆ ಸೇರಿ ಕ್ಲೋರಿನ್ ಉಂಟುಮಾಡುವ ಕ್ಲೋರಮೈನುಗಳು ಕಣ್ಣುರಿ ತರುತ್ತವೆ, ಮತ್ತು ಜನ ಸಾಮಾನ್ಯವಾಗಿ ಕ್ಲೋರಿನ್ ವಾಸನೆ ಎಂದು ದೂರುವುದು ವಾಸ್ತವದಲ್ಲಿ ಅವುಗಳದೇ. ಬ್ರೋಮಮೈನುಗಳು ಅಷ್ಟು ಕಾಟ ಕೊಡುವುದಿಲ್ಲ, ರೋಗಾಣುನಾಶಕ ಶಕ್ತಿಯನ್ನೂ ಬಹುಪಾಲು ಉಳಿಸಿಕೊಳ್ಳುತ್ತವೆ.

ನಷ್ಟದ ಕಡೆಯ ಪಟ್ಟಿ ಉದ್ದವಾಗಿದೆ. ತೆರೆದ ಡೆಕ್ಕಿನ ಬಿಸಿಲು ಬ್ರೋಮಿನ್ನನ್ನು ಬೇಗ ಒಡೆಯುತ್ತದೆ. ಸಿಹಿನೀರಿನ ಹೊರಾಂಗಣ ಕೊಳಗಳಲ್ಲಿ ಕ್ಲೋರಿನ್ನಿಗೆ ಬಿಸಿಲಿನಿಂದ ರಕ್ಷಣೆ ಕೊಡುವ ಸಯನ್ಯೂರಿಕ್ ಆಮ್ಲ ಬ್ರೋಮಿನ್ನಿಗೆ ಪ್ರಯೋಜನಕ್ಕೆ ಬಾರದು. ಕ್ಲೋರಿನ್ ಸೇರಿಸಿದ ಸಮುದ್ರದ ನೀರಿನಲ್ಲಿ ಸಾವಯವ ಕಲ್ಮಶಗಳೊಂದಿಗೆ ಮುಖ್ಯವಾಗಿ ಬ್ರೋಮೋಫಾರ್ಮ್ ಎಂಬ, ಆವಿಯಾಗಬಲ್ಲ ಹಾನಿಕರ ರಾಸಾಯನಿಕ ಹುಟ್ಟುತ್ತದೆ. ಚಾವಣಿ ಮುಚ್ಚಿದ ದಿನ ಅದು ಈಜುವವರ ಉಸಿರಿನ ಮಟ್ಟದಲ್ಲೇ ನಿಲ್ಲುತ್ತದೆ. ಪರೀಕ್ಷೆಯಲ್ಲೂ ತೊಡಕಿದೆ. ಸಾಮಾನ್ಯವಾಗಿ ಬಳಸುವ ಡಿಪಿಡಿ ಪರೀಕ್ಷೆಯ ಗುಲಾಬಿ ಬಣ್ಣ ಕ್ಲೋರಿನ್ ಮತ್ತು ಬ್ರೋಮಿನ್ ಎರಡಕ್ಕೂ ಬರುತ್ತದೆ. ಕ್ಲೋರಿನ್ ಅಳತೆಯಲ್ಲಿ 2 ಎಂದು ತೋರಿದರೆ, ಬ್ರೋಮಿನ್ ಆಗಿ ಅದು 2.25 ಪಟ್ಟು, ಅಂದರೆ 4.5 ಮಿಲಿಗ್ರಾಂ. ಯಾವ ಅಳತೆಯಲ್ಲಿ ದಾಖಲಿಸಬೇಕೆಂಬುದು ಪಾಳಿಯಿಂದ ಪಾಳಿಗೆ ಬದಲಾದರೆ ದಾಖಲೆಪುಸ್ತಕಕ್ಕೆ ಅರ್ಥವೇ ಉಳಿಯದು.

ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ, ಪ್ರತಿ ಬಂದರಿನ ಬೆಳಿಗ್ಗೆಯೂ ಈ ಕೆಲಸ ಸೊನ್ನೆಯಿಂದ ಆರಂಭವಾಗುತ್ತದೆ. ರಾತ್ರಿಯಿಡೀ ಹರಿದ ನೀರಿನಲ್ಲಿ ರೋಗಾಣುನಾಶಕ ಇಲ್ಲವೇ ಇಲ್ಲ, ಪಿಎಚ್ 8.1ರಲ್ಲಿದೆ. ಸುತ್ತುನೀರಿನ ಕೊಳ ತೆರೆಯಬೇಕಾದರೆ ಸಿಡಿಸಿ ಕೈಪಿಡಿಯಂತೆ ಲೀಟರಿಗೆ ಕನಿಷ್ಠ 1, ಗರಿಷ್ಠ 5 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು, ಪಿಎಚ್ 7.8ನ್ನು ಮೀರಬಾರದು. ಆರು ಗಂಟೆಗೆ ಬಾಯಿ ಮುಚ್ಚಿ ಎಂಟಕ್ಕೆ ಕೊಳ ತೆರೆಯುವುದರ ನಡುವೆ ಆಮ್ಲ ಹಾಕಿ, ಕ್ಲೋರಿನ್ ಹಾಕಿ, 90 ಘನಮೀಟರ್ ನೀರು ಸಮನಾಗಿ ಬೆರೆಯುವಂತೆ ಮಾಡಿ, ಪರೀಕ್ಷಿಸಿ, ಬರೆದಿಡಬೇಕು. ಕೊಳದ ನೀರು ಒಮ್ಮೆ ಫಿಲ್ಟರಿನ ಮೂಲಕ ಸುತ್ತಿ ಬರುವುದಕ್ಕೇ ನಾಲ್ಕು ಗಂಟೆ ಬೇಕಾದ ವ್ಯವಸ್ಥೆಯಲ್ಲಿ ಈ ಎರಡು ಗಂಟೆ ಯಾವ ಮೂಲೆಗೂ ಸಾಲದು. ರಾಸಾಯನಿಕದ ಖರ್ಚು ಇಲ್ಲಿ ನಗಣ್ಯ, ಕೆಲವು ಲೀಟರು ಅಷ್ಟೆ. ಬೆಲೆ ತೆರುವುದು ಸಿಬ್ಬಂದಿಯ ಗಮನ, ಅದೂ ವಾರಕ್ಕೆ ಐದು ಬಾರಿ, ಹಡಗು ಬಂದರು ಸೇರುವ ಗಡಿಬಿಡಿಯ ಹೊತ್ತಿನಲ್ಲಿಯೇ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತೀರ್ಮಾನ ಬಹುಮಟ್ಟಿಗೆ ಇಲ್ಲಿಯೇ ಆಗಿಬಿಡುತ್ತದೆ: ತೆರೆದ ಸಾಗರದಲ್ಲಿ ಸಮುದ್ರದ ನೀರು ಒಳ್ಳೆಯ ಕೊಳ, ಬಂದರಿನಲ್ಲಿ ಅದು ಕೆಟ್ಟ ಕೊಳ, ಆದರೆ ದಿನವೂ ಒಂದರಿಂದ ಇನ್ನೊಂದಕ್ಕೆ ಹೊರಳುವ ಕೊಳ ಎರಡಕ್ಕಿಂತಲೂ ಕೆಟ್ಟದ್ದು.

ಲೋಹ, ಗಾಜಿನ ಚಾವಣಿ ಮತ್ತು ಹೆಂಚುಗಳ ಹಿಂದಿನ ಉಕ್ಕು

ತುಕ್ಕಿನ ವಿಷಯದಲ್ಲಿ ಸಮುದ್ರದ ನೀರಿನ ವಿರುದ್ಧ ಹೇಳುವುದು ಸುಲಭ, ಆದರೆ ಕೊಂಚ ತಾಳ್ಮೆ ಬೇಕು. ಲೀಟರಿಗೆ 19 ಗ್ರಾಂ ಕ್ಲೋರೈಡ್ ಇರುವ ನೀರಿನಲ್ಲಿ 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಸಂದುಗಳಲ್ಲಿ, ಗ್ಯಾಸ್ಕೆಟ್ಟುಗಳ ಅಡಿಯಲ್ಲಿ, ಏಣಿಯ ಬೋಲ್ಟುಗಳ ಬುಡದಲ್ಲಿ ಚುಕ್ಕೆಚುಕ್ಕೆಯಾಗಿ ತೂತಾಗುತ್ತದೆ. ಇದನ್ನು ತಾಳಿಕೊಳ್ಳಲು ತಾಮ್ರ-ನಿಕ್ಕಲ್ ಮಿಶ್ರಲೋಹ ಅಥವಾ ಪ್ಲಾಸ್ಟಿಕ್ಕಿನ ಕೊಳವೆಗಳು, ಟೈಟಾನಿಯಂ ಫಲಕಗಳ ಹೀಟ್ ಎಕ್ಸ್‌ಚೇಂಜರುಗಳು ಬೇಕು. ಅದಕ್ಕಿಂತ ಆತಂಕದ ಸಂಗತಿ ಕಣ್ಣಿಗೆ ಕಾಣದ್ದು: ಕೊಳದ ತೊಟ್ಟಿ ಹಡಗಿನ ಉಕ್ಕಿನದೇ ಆಗಿದ್ದು, ಅದರ ಒಳಮೈಗೆ ಹಾಸಿದ ಹೆಂಚಿನ (ಟೈಲ್) ಸಂದಿನಿಂದ ಒಳಸೇರಿದ ಉಪ್ಪುನೀರು ಹಿಂದಿನ ಉಕ್ಕನ್ನು ವರ್ಷಗಟ್ಟಲೆ ತಿನ್ನುತ್ತಿರುತ್ತದೆ. ಕೆಳಗಿನ ಡೆಕ್ಕಿನ ಕೋಣೆಯ ಚಾವಣಿಯಲ್ಲಿ ಕಲೆ ಮೂಡುವವರೆಗೆ ಅದು ಯಾರಿಗೂ ತಿಳಿಯುವುದಿಲ್ಲ.

ತೆರೆದ ಡೆಕ್ಕಿನ ಮಟ್ಟಿಗೆ ಮಾತ್ರ ಈ ವಾದದ ಬಲ ಕಡಿಮೆ. ಹಡಗಿನ ಮೇಲೆ ಗಾಳಿ ಹೊತ್ತುತರುವ ಉಪ್ಪಿನ ತುಂತುರು ಹೇಗೂ ಎಲ್ಲ ಕಡೆ ಕೂರುತ್ತದೆ. ಕಟಕಟೆ, ಗಾಜು, ಕುರ್ಚಿಗಳನ್ನು ದಿನವೂ ಸಿಹಿನೀರಿನಲ್ಲಿ ತೊಳೆಯುವುದು ಇದ್ದದ್ದೇ. ತೇಗದ ಡೆಕ್ಕಿಗಂತೂ ಸಮುದ್ರದ ನೀರು ಶತ್ರುವಲ್ಲ, ಹಿಂದಿನ ನಾವಿಕರು ಅದನ್ನು ತೊಳೆಯುತ್ತಿದ್ದದ್ದೇ ಸಮುದ್ರದ ನೀರಿನಿಂದ. ಆದ್ದರಿಂದ ಹಿಂಭಾಗದ ತೆರೆದ ಕೊಳವನ್ನು ತುಕ್ಕಿನ ಕಾರಣವೊಂದಕ್ಕಾಗಿಯೇ ಬದಲಾಯಿಸುವುದು ಅತಿಯಾದೀತು.

ಚಾವಣಿಯಿರುವ ಮಧ್ಯದ ಕೊಳದ ವಿಷಯ ಬೇರೆ. ಸ್ವಿಟ್ಜರ್ಲೆಂಡಿನ ಊಸ್ಟರ್ ಎಂಬಲ್ಲಿ 1985ರಲ್ಲಿ ಒಳಾಂಗಣ ಈಜುಕೊಳದ ಕಾಂಕ್ರೀಟಿನ ತೂಗುಚಾವಣಿ ಕುಸಿದು 12 ಜನ ಸತ್ತರು; ಅದನ್ನು ಹಿಡಿದಿದ್ದ ಸ್ಟೇನ್‌ಲೆಸ್ ಸ್ಟೀಲಿನ ಸರಳುಗಳು ಕ್ಲೋರೈಡಿನ ಪ್ರಭಾವದಲ್ಲಿ ಒತ್ತಡದಿಂದ ಬಿರುಕುಬಿಟ್ಟಿದ್ದವು. ಗಮನಿಸಬೇಕಾದದ್ದು, ಅದು ನೆಲದ ಮೇಲಿನ, ಸಮುದ್ರಕ್ಕೆ ಸಂಬಂಧವಿಲ್ಲದ ಕೊಳ. ಬೆಚ್ಚನೆಯ, ಕ್ಲೋರಿನ್ ಆವಿಯ ಗಾಳಿಯಲ್ಲಿ ಲೋಹದ ಮೇಲೆ ಕೂರುವ ತೆಳುಪದರವೇ ಸಾಕಾಯಿತು. ಹೀಗಾಗಿ ನಮ್ಮ ಹಡಗಿನಲ್ಲಿ ನೀರನ್ನು ಸಿಹಿಯಾಗಿಸಿದರೂ ಸರಿಯುವ ಚಾವಣಿಯ ಬೋಲ್ಟು, ತೂಗುಸರಳುಗಳ ತಪಾಸಣೆ ಕೈಬಿಡುವಂತಿಲ್ಲ. ಉಪ್ಪುನೀರಿನ ತುಂತುರು ಆ ಅಪಾಯಕ್ಕೆ ಇನ್ನಷ್ಟು ಕ್ಲೋರೈಡ್ ಸೇರಿಸುತ್ತದೆ ಎಂಬುದಷ್ಟೇ ಬದಲಾವಣೆಯ ಪರವಾದ ವಾದ.

ಸಿಹಿನೀರಿನ ಲೆಕ್ಕ

ಸಿಹಿನೀರು ದುಬಾರಿ ಎಂಬ ಮಾತು ಹಡಗಿನ ಎಂಜಿನ್ ವಿಭಾಗದಿಂದ ಬಂದೇ ಬರುತ್ತದೆ. ಲೆಕ್ಕ ಅಷ್ಟು ಗಾಬರಿ ಹುಟ್ಟಿಸುವುದಿಲ್ಲ. ಒಬ್ಬರಿಗೆ ದಿನಕ್ಕೆ 250 ಲೀಟರಿನಂತೆ 2,900 ಜನರಿಗೆ ಹಡಗು ದಿನವೂ ಸುಮಾರು 725 ಘನಮೀಟರ್ ನೀರು ಬಳಸುತ್ತದೆ ಎಂದಿಟ್ಟುಕೊಳ್ಳೋಣ. ಕೊಳವನ್ನು ಒಮ್ಮೆ ತುಂಬಲು 90. ಅದು ಒಂದು ದಿನದ ಬಳಕೆಯ ಎಂಟನೆಯ ಒಂದು ಭಾಗ. ಆನಂತರದ ನಿತ್ಯದ ಖರ್ಚಿಗೆ ಜರ್ಮನಿಯ ಡಿಐಎನ್ 19643 ಮಾನದಂಡ ಒಳ್ಳೆಯ ಅಳತೆಗೋಲು: ಈಜುವ ಪ್ರತಿಯೊಬ್ಬರಿಗೆ 30 ಲೀಟರ್ ಹೊಸ ನೀರು. ದಿನಕ್ಕೆ 300 ಜನ ಇಳಿದರೆ 9 ಘನಮೀಟರ್, ಆವಿ, ತುಳುಕು, ಫಿಲ್ಟರ್ ತೊಳೆತ ಸೇರಿ ಇನ್ನೊಂದು 5. ಒಟ್ಟು 14 ಘನಮೀಟರ್ ಎಂದರೆ ಹಡಗಿನ ಬಳಕೆಯ ಶೇ. 2.

ರಿವರ್ಸ್ ಆಸ್ಮೋಸಿಸ್ ಯಂತ್ರ ಒಂದು ಘನಮೀಟರ್ ಸಿಹಿನೀರಿಗೆ ನಾಲ್ಕು ಕಿಲೋವ್ಯಾಟ್-ಗಂಟೆ ತೆಗೆದುಕೊಳ್ಳುತ್ತದೆ ಎಂದಾದರೆ ಇದಕ್ಕೆ ದಿನಕ್ಕೆ 56 ಯೂನಿಟ್ ವಿದ್ಯುತ್ತು. ಈಗಿನ ಹರಿವಿನ ವ್ಯವಸ್ಥೆಯಲ್ಲಿ ಗಂಟೆಗೆ 30 ಘನಮೀಟರ್ ನೀರನ್ನು 35 ಮೀಟರ್ ಎತ್ತರಕ್ಕೆ ಏರಿಸಲು, ಪಂಪು ಮತ್ತು ಕೊಳವೆಯ ನಷ್ಟ ಸೇರಿಸಿ, ಸುಮಾರು 6 ಕಿಲೋವ್ಯಾಟ್ ಬೇಕು. ಹನ್ನೆರಡು ಗಂಟೆಗೆ 72 ಯೂನಿಟ್. ಪುಕ್ಕಟೆ ಎಂದುಕೊಂಡಿದ್ದ ಸಮುದ್ರದ ನೀರು ಮೇಲಿನ ಡೆಕ್ಕಿಗೆ ಏರುವಷ್ಟರಲ್ಲಿ ತಯಾರಿಸಿದ ಸಿಹಿನೀರಿಗಿಂತ ಅಗ್ಗವೇನೂ ಅಲ್ಲ.

ಬೆಚ್ಚಗಿಡುವ ಪ್ರಶ್ನೆ ಬಂದರೆ ಅಂತರ ಇನ್ನೂ ದೊಡ್ಡದು. ಸಮುದ್ರ 20 ಡಿಗ್ರಿ ಸೆಲ್ಸಿಯಸ್ ಇದ್ದು ಕೊಳ 28 ಡಿಗ್ರಿ ಇರಬೇಕೆಂದರೆ, ಹರಿಯುವ ನೀರಿಗೆ ಎಡೆಬಿಡದೆ ಸುಮಾರು 270 ಕಿಲೋವ್ಯಾಟ್ ಶಾಖ ಕೊಡುತ್ತಿರಬೇಕು, ಮತ್ತು ಆ ಶಾಖ ನೀರಿನೊಂದಿಗೇ ಸಮುದ್ರಕ್ಕೆ ಹರಿದುಹೋಗುತ್ತದೆ. ಸುತ್ತುವ ಸಿಹಿನೀರನ್ನು ಒಮ್ಮೆ ಬೆಚ್ಚಗೆ ಮಾಡಲು ಬೇಕಾದದ್ದು 840 ಯೂನಿಟ್ಟಿನಷ್ಟು, ಅಂದರೆ ಹರಿವಿನ ಮೂರು ಗಂಟೆಯ ಖರ್ಚು. ಎಂಜಿನ್ನಿನ ವ್ಯರ್ಥಶಾಖ ಇದೆಯಲ್ಲ ಎಂಬ ಉತ್ತರ ಅರ್ಧ ಮಾತ್ರ ಸರಿ. ಅದೇ ಶಾಖವನ್ನು, ಸಮುದ್ರದ ನೀರನ್ನು ಆವಿಯಾಗಿಸಿ ಸಿಹಿನೀರು ಪಡೆಯುವ ಬಾಷ್ಪೀಕರಣ ಯಂತ್ರವೂ ಕೇಳುತ್ತಿರುತ್ತದೆ. ಕೆರಿಬಿಯನ್ನಿನಂಥ ಬೆಚ್ಚನೆಯ ಸಮುದ್ರದಲ್ಲಿ ಈ ಚರ್ಚೆಯೇ ಏಳುವುದಿಲ್ಲ.

ಇವೆಲ್ಲಕ್ಕಿಂತ ನಿರ್ಣಾಯಕವಾದದ್ದು ದಾಸ್ತಾನು. ಕುಡಿಯುವ ನೀರನ್ನೂ ಹಡಗು ಬಂದರಿನಲ್ಲಿ, ಲಂಗರು ಹಾಕಿದಾಗ ಅಥವಾ ಕಲುಷಿತ ನೀರಿನಲ್ಲಿ ತಯಾರಿಸುವಂತಿಲ್ಲ. ಅಂದರೆ ಸಿಹಿನೀರು ಹುಟ್ಟುವುದೂ ಹೊರಸಮುದ್ರದಲ್ಲೇ. ಆದರೆ ರಾತ್ರಿ ತಯಾರಿಸಿದ ಸಿಹಿನೀರು ಟ್ಯಾಂಕಿನಲ್ಲಿ ಬೆಳಗಿನವರೆಗೆ ಕಾದಿರುತ್ತದೆ. ರಾತ್ರಿ ಕೊಳದ ಮೂಲಕ ಹರಿದ ಸಮುದ್ರದ ನೀರು ಹರಿದೇಹೋಗಿರುತ್ತದೆ.

ಒಂದು ಎಚ್ಚರಿಕೆ. ಯಂತ್ರದಿಂದ ಬಂದ ಸಿಹಿನೀರು ಬರಿಯ ನೀರು. ಬಾಷ್ಪೀಕರಣದಿಂದ ಬಂದದ್ದರಲ್ಲಿ ಖನಿಜಗಳು ಇಲ್ಲವೇ ಇಲ್ಲ ಎನ್ನಬೇಕು. ಅದನ್ನು ಹಾಗೆಯೇ ಕೊಳಕ್ಕೆ ತುಂಬಿದರೆ ಹೆಂಚಿನ ಸಂದುಗಳ ಸಿಮೆಂಟಿನಿಂದ ಕ್ಯಾಲ್ಸಿಯಮ್ಮನ್ನು ಕರಗಿಸಿಕೊಳ್ಳುತ್ತದೆ, ಸ್ವಲ್ಪ ಆಮ್ಲ ಬಿದ್ದರೂ ಅದರ ಪಿಎಚ್ ಜಿಗಿದಾಡುತ್ತದೆ. ಸೋಡಿಯಂ ಬೈಕಾರ್ಬನೇಟ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ನೀರನ್ನು ಹದಗೊಳಿಸಿದ ಮೇಲೆಯೇ ಕೊಳ ತುಂಬಬೇಕು. ಸಮುದ್ರದ ನೀರು ಈ ಹದವನ್ನು ತನ್ನೊಂದಿಗೇ ತರುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಹೊಯ್ದಾಟ

ಉಪ್ಪುನೀರು ಭಾರ, ಆದ್ದರಿಂದ ಹಡಗಿನ ಸ್ಥಿರತೆಗೆ ಸಿಹಿನೀರು ಮೇಲು ಎಂಬ ವಾದವನ್ನು ಬೇಗ ಮುಗಿಸಬಹುದು. ಮಧ್ಯದ ಕೊಳದಲ್ಲಿ ವ್ಯತ್ಯಾಸ ಎರಡೂ ಕಾಲು ಟನ್. 45,000 ಟನ್ ತೂಗುವ ಹಡಗಿನಲ್ಲಿ ಕೊಳದ ತೆರೆದ ನೀರುಮೈ ಸ್ಥಿರತೆಯ ಅಳತೆಯಾದ ಮೆಟಾಸೆಂಟ್ರಿಕ್ ಎತ್ತರದಿಂದ ಕಳೆಯುವುದು ನಾಲ್ಕು ಮಿಲಿಮೀಟರ್. ನೀರು ಯಾವುದೇ ಆಗಿರಲಿ ಅದು ಅಷ್ಟೇ.

ನಿಜವಾದ ಅಪಾಯ ಕೊಳದೊಳಗಿನ ಅಲೆಯದು. 10 ಮೀಟರ್ ಉದ್ದ, 1.5 ಮೀಟರ್ ಆಳದ ನೀರು ಉದ್ದುದ್ದಕ್ಕೆ ಒಮ್ಮೆ ಹೊಯ್ದಾಡಿ ಬರಲು 5.4 ಸೆಕೆಂಡ್ ತೆಗೆದುಕೊಳ್ಳುತ್ತದೆ. ಎದುರಲೆಗಳಲ್ಲಿ ಈ ಗಾತ್ರದ ಹಡಗಿನ ಮೂತಿ ಏಳುಬೀಳುವ ಅವಧಿ 7ರಿಂದ 9 ಸೆಕೆಂಡುಗಳ ಆಸುಪಾಸಿನದು. ನೀರು ಚೆಲ್ಲತೊಡಗಿದಾಗ ಸಹಜವಾಗಿ ತೋಚುವ ಉಪಾಯ ಮಟ್ಟವನ್ನು ಅರ್ಧಕ್ಕಿಳಿಸುವುದು. ಆದರೆ ಆಳ ಕಡಿಮೆಯಾದಂತೆ ಅಲೆ ನಿಧಾನವಾಗುತ್ತದೆ: 75 ಸೆಂಟಿಮೀಟರಿಗೆ ಇಳಿದಾಗ ಅವಧಿ 7.4 ಸೆಕೆಂಡಾಗಿ, ಹಡಗಿನ ಓಲಾಟದೊಂದಿಗೆ ಹೆಜ್ಜೆ ಹಾಕುತ್ತದೆ. ಅಂಚಿನಿಂದ ಕೆಳಗಿರುವುದರಿಂದ ನೀರು ಹೊರಗೆ ಚೆಲ್ಲುವುದು ತಗ್ಗಬಹುದು, ಒಳಗಿನ ಬಡಿತ ಹೆಚ್ಚುತ್ತದೆ. ಒರಟು ಸಮುದ್ರದಲ್ಲಿ ಕೊಳವನ್ನು ಪೂರ್ತಿ ಬರಿದು ಮಾಡುವುದೇ ಸರಿ.

ಇಲ್ಲಿ ನೀರಿನ ಬಗೆ ಮನುಷ್ಯರ ನಡವಳಿಕೆಯನ್ನು ಬದಲಿಸುತ್ತದೆ. ಸಮುದ್ರದ ನೀರಾದರೆ ಡೆಕ್ಕಿನ ಅಧಿಕಾರಿ ಒಂದು ಕ್ಷಣವೂ ಯೋಚಿಸದೆ ವಾಲ್ವ್ ತೆರೆಯುತ್ತಾನೆ. ಹದಮಾಡಿ, ಬೆಚ್ಚಗೆ ಮಾಡಿದ 90 ಟನ್ ಸಿಹಿನೀರನ್ನು ಸಮುದ್ರಕ್ಕೆ ಬಿಡಬೇಕಾದಾಗ ಇನ್ನೊಂದು ಗಂಟೆ ನೋಡೋಣ ಎನ್ನುತ್ತಾನೆ. ಹೀಗಾಗಿ ಸಿಹಿನೀರಿನ ಕೊಳಕ್ಕೆ ಕೆಳಗಿನ ಡೆಕ್ಕೊಂದರಲ್ಲಿ 100 ಘನಮೀಟರಿನ ಟ್ಯಾಂಕು ಇರಲೇಬೇಕು; ನೀರನ್ನು ಅಲ್ಲಿಗಿಳಿಸಿ, ಹವೆ ತಿಳಿಯಾದ ಮೇಲೆ ಫಿಲ್ಟರಿನ ಮೂಲಕ ಮರಳಿ ಏರಿಸಬೇಕು. ಈ ಟ್ಯಾಂಕಿಲ್ಲದ ಬದಲಾವಣೆಗೆ ನಾನು ಒಪ್ಪಿಗೆ ಕೊಡಲಾರೆ.

ಈಜುವವರು

ಪ್ರಯಾಣಿಕರ ಒಲವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸಮುದ್ರದ ನೀರು ಸಿಹಿನೀರಿಗಿಂತ ಶೇ. 2.5ರಷ್ಟು ಸಾಂದ್ರವಾದ್ದರಿಂದ 70 ಕಿಲೋ ತೂಕದವರಿಗೆ ಸುಮಾರು ಒಂದು ಮುಕ್ಕಾಲು ಕಿಲೋದಷ್ಟು ಹೆಚ್ಚಿನ ಎತ್ತುಬಲ ಸಿಗುತ್ತದೆ, ತೇಲುವುದು ಹಿತವಾಗುತ್ತದೆ. ಕಣ್ಣೀರಿನಲ್ಲಿ ಉಪ್ಪು ಶೇ. 0.9ರಷ್ಟಿರುವುದರಿಂದ ಶೇ. 3.5 ಉಪ್ಪಿನ ಸಮುದ್ರವೂ ಉಪ್ಪಿಲ್ಲದ ಸಿಹಿನೀರೂ ಕಣ್ಣಿಗೆ ಪರಕೀಯವೇ. ನೀರು ಕುಡಿಯದೆ ಈಜಲಾರದ ಚಿಕ್ಕ ಮಕ್ಕಳಿಗೆ ಮಾತ್ರ ಸಿಹಿನೀರು ನಿಸ್ಸಂದೇಹವಾಗಿ ಮೇಲು.

ಬಿಸಿನೀರಿನ ತೊಟ್ಟಿಗಳನ್ನು ಇಲ್ಲಿಯೇ ಮುಗಿಸಬಹುದು. 1994ರಲ್ಲಿ ಒಂದು ಕ್ರೂಸ್ ಹಡಗಿನ ಹಲವು ಯಾನಗಳಲ್ಲಿ 50 ಪ್ರಯಾಣಿಕರಿಗೆ ಲೀಜನೇರ್ಸ್ ಕಾಯಿಲೆ ಎಂಬ ತೀವ್ರ ನ್ಯುಮೋನಿಯಾ ತಗುಲಿದ್ದರ ಮೂಲ ಇಂಥ ತೊಟ್ಟಿಗಳಲ್ಲಿ ಪತ್ತೆಯಾಯಿತು. ಅದನ್ನು ತರುವ ಬ್ಯಾಕ್ಟೀರಿಯಾ ಮರಳಿನ ಫಿಲ್ಟರಿನಲ್ಲಿ ನೆಲೆಸಿತ್ತು. 40 ಡಿಗ್ರಿಯವರೆಗೆ ಕಾಯುವ, ಗಾಳಿಗುಳ್ಳೆಗಳು ಹನಿಗಳನ್ನು ಮುಖದೆತ್ತರಕ್ಕೆ ಚಿಮ್ಮಿಸುವ ಈ ತೊಟ್ಟಿಗಳಿಗೆ ಸಿಡಿಸಿ ಕೈಪಿಡಿ ಕೇಳುವುದು ಲೀಟರಿಗೆ 3ರಿಂದ 10 ಮಿಲಿಗ್ರಾಂ ಕ್ಲೋರಿನ್. ಅಂಥ ಬಿಗಿಯಾದ ನಿಯಂತ್ರಣಕ್ಕೆ ದಿನದಿಂದ ದಿನಕ್ಕೆ ಗುಣ ಬದಲಾಗದ ನೀರು ಬೇಕು. ತೊಟ್ಟಿಯೊಂದಕ್ಕೆ ನಾಲ್ಕು ಘನಮೀಟರ್ ಸಾಕಾಗುವಾಗ ಸಿಹಿನೀರಿನ ಹೊರತು ಬೇರೆ ಆಲೋಚನೆಗೆ ಕಾರಣವಿಲ್ಲ.

ತೀರ್ಮಾನ ಮತ್ತು ಅದರ ಷರತ್ತುಗಳು

ಮಧ್ಯದ ಕೊಳವನ್ನೂ ನಾಲ್ಕು ತೊಟ್ಟಿಗಳನ್ನೂ ಸಿಹಿನೀರಿಗೆ ಬದಲಾಯಿಸುವುದು. ಬದಲಾಯಿಸುವ ಮುನ್ನ ಮಧ್ಯದ ಕೊಳದ ಹೆಂಚುಗಳನ್ನು ಪೂರ್ತಿ ತೆಗೆದು ಹಿಂದಿನ ಉಕ್ಕಿನ ದಪ್ಪವನ್ನು ಅಳೆಯುವುದು. ಹಳೆಯ ತುಕ್ಕಿನ ಮೇಲೆ ಹೊಸ ಹೆಂಚು ಕೂರಿಸಿ, ಇನ್ನು ಸಿಹಿನೀರಲ್ಲವೇ ಎಂದು ನಿಶ್ಚಿಂತರಾಗುವುದು ಈ ಕೆಲಸದಲ್ಲಿ ಸುಲಭವಾಗಿ ಆಗಿಬಿಡಬಹುದಾದ ತಪ್ಪು.

ಹಿಂಭಾಗದ ಕೊಳ ಸಮುದ್ರದ ನೀರಿನದಾಗಿಯೇ ಉಳಿಯಲಿ, ಆದರೆ ಒಂದು ಕಟ್ಟುಪಾಡಿನೊಂದಿಗೆ: ಅದು ಹರಿಯುತ್ತಿರಬೇಕು, ಇಲ್ಲವೇ ಬರಿದಾಗಿರಬೇಕು, ಮೂರನೆಯ ಸ್ಥಿತಿ ಇಲ್ಲ. ಬಂದರಿನ ದಿನ ಬಹುಪಾಲು ಪ್ರಯಾಣಿಕರು ದಡದಲ್ಲಿರುವುದರಿಂದ ಬರಿದಾದ ಚಿಕ್ಕ ಕೊಳ ಯಾರಿಗೂ ಕೊರತೆಯೆನಿಸದು. ಕ್ಲೋರಿನ್ ಸೇರಿಸದ ನೀರಾದ್ದರಿಂದ ಅದನ್ನು ಗೆರೆ ದಾಟುವ ಮುನ್ನ ಸಮುದ್ರಕ್ಕೆ ಬಿಡುವಾಗ ಕ್ಲೋರಿನ್ ತೆಗೆಯುವ ಚಿಂತೆಯೂ ಇಲ್ಲ. ಮಧ್ಯದ ಕೊಳದಿಂದ ಬಿಡುವಾಗುವ 30 ಘನಮೀಟರಿನ ಪಂಪನ್ನು ಹಿಂಭಾಗದ 20 ಘನಮೀಟರಿನ ಪಂಪಿನೊಂದಿಗೆ ಸೇರಿಸಿ, ನಡುವಿನ ಕೊಳವೆಯನ್ನು ಡ್ರೈ ಡಾಕ್‌ನಲ್ಲೇ ಹಿಗ್ಗಿಸಿದರೆ ಗಂಟೆಗೆ 50 ಘನಮೀಟರ್ ಹರಿವು ಸಿಗುತ್ತದೆ. ಆಗ ಮೂರು ಗಂಟೆಯಲ್ಲಿ ಹಳೆಯ ನೀರು ಶೇ. 3ಕ್ಕೆ ಇಳಿಯುತ್ತದೆ. ಸಮುದ್ರದ ನೀರು ಸೆಳೆಯುವ ಬಾಯಿ ಹಡಗಿನ ಬಳಸಿದ ನೀರು ಹೊರಬೀಳುವ ದ್ವಾರಗಳಿಗಿಂತ ಮುಂದಿದೆಯೇ ಎಂಬುದನ್ನು ಕಾಗದದ ನಕ್ಷೆಯಲ್ಲಲ್ಲ, ಹಡಗು ನೀರಿನಿಂದ ಮೇಲಿರುವಾಗಲೇ ಹೊರಮೈಯಲ್ಲಿ ನಿಂತು ಖಚಿತಪಡಿಸಿಕೊಳ್ಳಬೇಕು. ಗೆರೆ ದಾಟುವ ಸಮಯವನ್ನು ಬ್ರಿಡ್ಜಿನ ಅಧಿಕಾರಿ ತಿಳಿಸಬೇಕು, ವಾಲ್ವ್ ಮುಚ್ಚಿದ ಸಮಯವನ್ನು ಎಂಜಿನ್ ವಿಭಾಗ ಬರೆಯಬೇಕು. ಎರಡೂ ಒಂದೇ ಪುಟದಲ್ಲಿರಬೇಕು.

ಈ ತೀರ್ಮಾನ ನಿಂತಿರುವುದು ವಾರಕ್ಕೆ ಎರಡು ಸಮುದ್ರದ ದಿನಗಳ ಮೇಲೆ. ಹಡಗು ಮತ್ತೆ ಸಾಗರ ದಾಟುವ ದೀರ್ಘ ಯಾನಗಳಿಗೆ ಹೋದರೆ ಹಿಂಭಾಗದ ಕೊಳ ವಾರಪೂರ್ತಿ ತೆರೆದಿರುತ್ತದೆ, ಬದಲಿಸಬೇಕಾದದ್ದೇನೂ ಇಲ್ಲ. ಫಿಯೋರ್ಡುಗಳ ಋತುವಿಗೆ ಕಳಿಸಿದರೆ ಅದು ತಿಂಗಳುಗಟ್ಟಲೆ ಬರಿದಾಗಿರುತ್ತದೆ, ಮತ್ತು ಆಗ ಅದನ್ನೂ ಸಿಹಿನೀರಿಗೆ ತರಬೇಕೆಂಬ ಬೇಡಿಕೆ ಏಳುವುದು ನ್ಯಾಯವೇ. ಆ ಸಾಧ್ಯತೆಗಾಗಿ, ಈಗ ಬಳಕೆ ತಪ್ಪುವ ಹಿಂಭಾಗದ ಕೊಳದ ಫಿಲ್ಟರನ್ನೂ ಸುತ್ತುನೀರಿನ ಪಂಪನ್ನೂ ಜಾಗ ಉಳಿಸುವ ನೆಪದಲ್ಲಿ ಕಿತ್ತುಹಾಕದೆ, ಸಿಹಿನೀರಿನಲ್ಲಿ ತೊಳೆದು, ಫಿಲ್ಟರಿನ ಮರಳನ್ನು ಹೊರತೆಗೆದು, ಒಣಗಿಸಿ, ಎರಡೂ ತುದಿಗಳಿಗೆ ಮುಚ್ಚಳ ಬಿಗಿದು ಇದ್ದಲ್ಲಿಯೇ ಬಿಡಬೇಕು.